ಅಮೆರಿಕದಲ್ಲೇ ಹೊಲಿದ ಗಂಡಸರ ಉಡುಪು: ಕೊಳ್ಳುವ ಮುನ್ನ ಏನು ನೋಡಬೇಕು, ಕೊಂಡ ಮೇಲೆ ಹೇಗೆ ಕಾಪಾಡಬೇಕು

1873ರ ಮೇ 20ರಂದು ಅಮೆರಿಕದ ಪೇಟೆಂಟ್ ಕಚೇರಿ 139,121ನೆಯ ಸಂಖ್ಯೆಯ ಪೇಟೆಂಟನ್ನು ನೀಡಿತು. ನೆವಾಡಾದ ರೀನೋ ಪಟ್ಟಣದಲ್ಲಿದ್ದ ಜೇಕಬ್ ಡೇವಿಸ್ ಎಂಬ ದರ್ಜಿ, ಕೂಲಿ ಕೆಲಸದವರ ಪ್ಯಾಂಟಿನ ಜೇಬುಗಳು ಮತ್ತೆ ಮತ್ತೆ ಕಿತ್ತುಬರುವುದನ್ನು ನೋಡಿ, ಜೇಬಿನ ಮೂಲೆಗಳಿಗೆ ತಾಮ್ರದ ರಿವೆಟ್ ಬಡಿಯುವ ಉಪಾಯವನ್ನು ಕಂಡುಕೊಂಡಿದ್ದ. ಪೇಟೆಂಟಿಗೆ ಬೇಕಾದ ಹಣ ಅವನಲ್ಲಿ ಇರಲಿಲ್ಲ. ಆದ್ದರಿಂದ ತನಗೆ ಬಟ್ಟೆ ಪೂರೈಸುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋದ ವರ್ತಕ ಲೀವೈ ಸ್ಟ್ರಾಸ್‌ನನ್ನು ಜೊತೆಗೆ ಸೇರಿಸಿಕೊಂಡ. ಇಂದು ನಾವು ಜೀನ್ಸ್ ಎನ್ನುವ ಉಡುಪಿನ ಆರಂಭ ಅದು.

ಅಮೆರಿಕದ ಹಳೆಯ ಉಡುಪುಗಳು ಇಷ್ಟು ಜನರನ್ನು ಯಾಕೆ ಸೆಳೆಯುತ್ತವೆ ಎಂಬ ಪ್ರಶ್ನೆಗೆ ಉತ್ತರ ಆ ರಿವೆಟ್ಟಿನಲ್ಲೇ ಇದೆ ಎಂದು ನನ್ನ ನಂಬಿಕೆ. ಎಲ್ಲಿ ಹರಿಯುತ್ತದೋ ಅಲ್ಲಿ ಬಲ ಕೊಡಬೇಕು ಎಂಬ ದರ್ಜಿಯ ಬುದ್ಧಿಯೇ ಆ ಉಡುಪುಗಳಿಗೆಲ್ಲ ಮೂಲ. ಸಿಯಾಟಲ್‌ನ ಫಿಲ್ಸನ್ ಕಂಪನಿ 1897ರಲ್ಲಿ ಹುಟ್ಟಿದ್ದು ಕ್ಲಾಂಡೈಕ್‌ಗೆ ಚಿನ್ನ ಹುಡುಕಲು ಹೊರಟವರಿಗೆ ಚಳಿ ತಡೆಯುವ ಬಟ್ಟೆ ಒದಗಿಸಲು. ಮೇನ್ ರಾಜ್ಯದ ಲಿಯಾನ್ ಲಿಯಾನ್‌ವುಡ್ ಬೀನ್ 1912ರಲ್ಲಿ ರಬ್ಬರ್ ತಳಕ್ಕೆ ಚರ್ಮದ ಮೇಲ್ಭಾಗ ಹೊಲಿದ ಬೂಟು ಮಾಡಿದ್ದು ಬೇಟೆಗೆ ಹೋದಾಗ ಕಾಲು ನೆನೆಯುತ್ತಿತ್ತೆಂದು. ನ್ಯೂಯಾರ್ಕಿನ ಷಾಟ್ ಸೋದರರು 1928ರಲ್ಲಿ ಓರೆಯಾದ ಜಿಪ್ ಇಟ್ಟು ಹೊಲಿದ ಚರ್ಮದ ಜಾಕೆಟ್ ಮೋಟಾರ್‌ಸೈಕಲ್ ಸವಾರರಿಗಾಗಿ. ಬ್ರೂಕ್ಸ್ ಬ್ರದರ್ಸ್ ಕಂಪನಿ 19ನೆಯ ಶತಮಾನದ ಕೊನೆಯಲ್ಲಿ ತಂದ, ತುದಿಗಳಿಗೆ ಗುಂಡಿ ಹಾಕುವ ಕಾಲರು, ಇಂಗ್ಲೆಂಡಿನ ಪೋಲೋ ಆಟಗಾರರು ಓಟದ ಗಾಳಿಗೆ ಕಾಲರು ಹಾರದಂತೆ ಗುಂಡಿ ಹಾಕಿಕೊಳ್ಳುತ್ತಿದ್ದುದನ್ನು ನೋಡಿ ಕಲಿತದ್ದು. ಇವೆಲ್ಲ ಕೆಲಸದಿಂದ ಹುಟ್ಟಿದ ರೂಪಗಳಾದ್ದರಿಂದ ನೂರು ವರ್ಷ ಕಳೆದರೂ ಹಳತಾಗಿ ಕಾಣುವುದಿಲ್ಲ.

ಆದರೆ ಇಂಥ ಕಥೆಗಳನ್ನು ಎಲ್ಲ ಕಂಪನಿಗಳೂ ಈಗ ಚೆನ್ನಾಗಿ ಹೇಳುತ್ತವೆ. ಕಥೆಗೆ ತಕ್ಕ ಬಟ್ಟೆಯನ್ನು ಎಲ್ಲರೂ ಹೊಲಿಯುವುದಿಲ್ಲ. ಬೆಲೆಯೂ ಕಡಿಮೆಯಲ್ಲ. ಹಾಗಾಗಿ ಕೊಳ್ಳುವವರು ಹೊರಗಿನ ಹೆಸರಿಗಿಂತ ಒಳಗಿನ ಹೊಲಿಗೆಯನ್ನು ನೋಡಲು ಕಲಿಯಬೇಕು. ಅದನ್ನು ಹೆಜ್ಜೆ ಹೆಜ್ಜೆಯಾಗಿ ವಿವರಿಸುವುದು ಈ ಲೇಖನದ ಉದ್ದೇಶ. ನ್ಯೂಜೆರ್ಸಿ, ಷಿಕಾಗೋ, ಬೇ ಏರಿಯಾಗಳಲ್ಲಿ ನೆಲೆಸಿರುವ ಕನ್ನಡಿಗರಿಗೂ, ಅಲ್ಲಿಂದ ಬರುವ ಬಂಧುಗಳ ಕೈಲಿ ಒಂದು ಒಳ್ಳೆಯ ಅಂಗಿಯನ್ನೋ ಬೂಟನ್ನೋ ತರಿಸಿಕೊಳ್ಳುವವರಿಗೂ ಇದು ಉಪಯೋಗಕ್ಕೆ ಬರಬಹುದು.

ಮೊದಲ ಹೆಜ್ಜೆ: ಕಂಪನಿ ಹುಟ್ಟಿದ ಊರು ಬೇರೆ, ಬಟ್ಟೆ ಹೊಲಿದ ಊರು ಬೇರೆ

ಹಳೆಯ ಅಮೆರಿಕನ್ ಕಂಪನಿಯ ಬಟ್ಟೆ ಎಂದರೆ ಅಮೆರಿಕದಲ್ಲೇ ಹೊಲಿದದ್ದು ಎಂದು ಭಾವಿಸುವುದು ಸಹಜ, ಆದರೆ ಬಹುಪಾಲು ಸಂದರ್ಭಗಳಲ್ಲಿ ಅದು ನಿಜವಲ್ಲ. ಅಮೆರಿಕದ ಅಂಗಡಿಗಳಲ್ಲಿ ಇಂದು ಮಾರಾಟವಾಗುವ ಬಟ್ಟೆಯಲ್ಲಿ ಅತಿ ದೊಡ್ಡ ಪಾಲು ಹೊರದೇಶಗಳಿಂದ ಬರುತ್ತದೆ. 1994ರಲ್ಲಿ ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದ ಮೇಲೆ ಹೊಲಿಗೆಯ ಕೆಲಸ ಮೆಕ್ಸಿಕೋದ ಕಡೆ ಸರಿಯಿತು. ಜವಳಿ ಆಮದಿನ ಮೇಲೆ ದಶಕಗಳಿಂದ ಇದ್ದ ಕೋಟಾ ವ್ಯವಸ್ಥೆ 2005ರಲ್ಲಿ ಮುಗಿದ ಮೇಲೆ ಏಷ್ಯಾದ ಪಾಲು ಇನ್ನೂ ಹೆಚ್ಚಿತು. ಲೀವೈಸ್ ಕಂಪನಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿದ್ದ ತನ್ನ ಕೊನೆಯ ಸ್ವಂತ ಹೊಲಿಗೆ ಕಾರ್ಖಾನೆಗಳನ್ನು ಈ ಶತಮಾನದ ಮೊದಲ ವರ್ಷಗಳಲ್ಲೇ ಮುಚ್ಚಿತು. ಅದರ 501 ಎಂಬ ಮಾದರಿಯ ಜೀನ್ಸಿಗೆ ದಶಕಗಳ ಕಾಲ ಡೆನಿಮ್ ನೇಯ್ದುಕೊಟ್ಟ, ಉತ್ತರ ಕ್ಯಾರೊಲೈನಾದ ಗ್ರೀನ್ಸ್‌ಬರೋದಲ್ಲಿದ್ದ ಕೋನ್ ಮಿಲ್ಸ್‌ನ ವೈಟ್ ಓಕ್ ಗಿರಣಿ 2017ರ ಡಿಸೆಂಬರ್ ಕೊನೆಗೆ ನಿಂತಿತು. 1830ರಲ್ಲಿ ಆರಂಭವಾದ ಪೆನ್ಸಿಲ್ವೇನಿಯಾದ ವುಲ್‌ರಿಚ್ ಉಣ್ಣೆ ಗಿರಣಿ ಮರುವರ್ಷ ಬಾಗಿಲು ಹಾಕಿತು. 1818ರಿಂದ ವ್ಯಾಪಾರ ಮಾಡುತ್ತ ಬಂದಿದ್ದ ಬ್ರೂಕ್ಸ್ ಬ್ರದರ್ಸ್ 2020ರಲ್ಲಿ ದಿವಾಳಿಯ ಅರ್ಜಿ ಹಾಕಿತು. ಅಂಗಿ, ಸೂಟು, ಟೈಗಳನ್ನು ಹೊಲಿಯುತ್ತಿದ್ದ ಅದರ ಮೂರು ಅಮೆರಿಕನ್ ಕಾರ್ಖಾನೆಗಳೂ ಅದೇ ವರ್ಷ ಮುಚ್ಚಿದವು. ಉತ್ತರ ಕ್ಯಾರೊಲೈನಾದ ಗಾರ್ಲೆಂಡ್‌ನಂಥ ಸಣ್ಣ ಊರಿಗೆ ಆ ಅಂಗಿ ಕಾರ್ಖಾನೆಯೇ ಜೀವನಾಧಾರವಾಗಿತ್ತು ಎಂಬುದನ್ನು ನೆನೆದರೆ, ಕಳೆದುಹೋದದ್ದು ಒಂದು ಅಂಗಿಯ ಗುಣಮಟ್ಟ ಮಾತ್ರವಲ್ಲ ಎಂದು ತಿಳಿಯುತ್ತದೆ.

ಉಳಿದವರೂ ಇದ್ದಾರೆ. ಮ್ಯಾಸಚೂಸೆಟ್ಸ್‌ನಲ್ಲಿ 1884ರಿಂದ ನಡೆಯುತ್ತಿರುವ ಆಲ್ಡನ್ ಈಗಲೂ ಮಿಡಲ್‌ಬರೋ ಊರಿನಲ್ಲಿ ಶೂ ಹೊಲಿಯುತ್ತದೆ. ಮಿನ್ನೆಸೋಟದ ರೆಡ್ ವಿಂಗ್ ಊರಿನಲ್ಲಿ 1905ರಲ್ಲಿ ಆರಂಭವಾಗಿ ಊರಿನ ಹೆಸರನ್ನೇ ಹೊತ್ತಿರುವ ಕಂಪನಿಗೆ ಅಲ್ಲೇ ಸ್ವಂತ ಚರ್ಮ ಹದ ಮಾಡುವ ಕಾರ್ಖಾನೆಯೂ ಇದೆ. ಬೀನ್ ಬೂಟುಗಳನ್ನು ಇಂದೂ ಮೇನ್ ರಾಜ್ಯದಲ್ಲೇ ಮಾಡುತ್ತಾರೆ. ಪೆನ್ಸಿಲ್ವೇನಿಯಾದ ಆಷ್‌ಲೆಂಡ್‌ನ ಗಿಟ್‌ಮನ್ ಬ್ರದರ್ಸ್ ಅಂಗಿಗಳು, ಷಾಟ್‌ನ ಪರ್ಫೆಕ್ಟೋ ಎಂಬ ಚರ್ಮದ ಜಾಕೆಟ್ಟುಗಳು ಇದೇ ಸಾಲಿಗೆ ಸೇರುತ್ತವೆ. ಓರೆಗಾನ್‌ನ ಪೆಂಡಲ್‌ಟನ್ ಕಂಪನಿಯ ಸ್ಥಿತಿ ನಡುವಿನದು: ಉಣ್ಣೆ ಬಟ್ಟೆಯನ್ನು ತನ್ನದೇ ಅಮೆರಿಕನ್ ಗಿರಣಿಗಳಲ್ಲಿ ನೇಯ್ದರೂ ಅಂಗಿಗಳನ್ನು ಹೆಚ್ಚಾಗಿ ಹೊರಗೆ ಹೊಲಿಸುತ್ತದೆ. ಒಂದೇ ಕಂಪನಿಯ ಒಂದು ಸಾಲಿನ ಬೂಟು ಅಮೆರಿಕದ್ದು, ಇನ್ನೊಂದು ಸಾಲಿನದು ಹೊರಗಿನದು ಆಗಿರುವುದು ಮಾಮೂಲು. ಆದ್ದರಿಂದ ಕಂಪನಿಯನ್ನು ನಂಬುವ ಬದಲು ಕೈಯಲ್ಲಿರುವ ಆ ಒಂದು ವಸ್ತುವನ್ನೇ ವಿಚಾರಿಸಿ.

ಎರಡನೆಯ ಹೆಜ್ಜೆ: ಒಳಗಿನ ಲೇಬಲನ್ನು ಕಾನೂನು ಪತ್ರದಂತೆ ಓದಿ

ಅಮೆರಿಕದಲ್ಲಿ ಮಾರುವ ಬಟ್ಟೆಯ ಲೇಬಲ್ಲಿನಲ್ಲಿ ಮೂರು ಸಂಗತಿಗಳು ಇರಲೇಬೇಕು: ಯಾವ ಯಾವ ನೂಲು ಶೇಕಡಾ ಎಷ್ಟಿದೆ, ಯಾವ ದೇಶದಲ್ಲಿ ತಯಾರಾಯಿತು, ಯಾರು ತಯಾರಿಸಿದರು ಅಥವಾ ಮಾರಿದರು. ಇದನ್ನು ನೋಡಿಕೊಳ್ಳುವುದು ಫೆಡರಲ್ ಟ್ರೇಡ್ ಕಮಿಷನ್ ಎಂಬ ಸರ್ಕಾರಿ ಆಯೋಗ. ಯಾವ ವಿಶೇಷಣವೂ ಇಲ್ಲದೆ 'ಮೇಡ್ ಇನ್ ಯುಎಸ್‌ಎ' ಎಂದು ಬರೆಯಬೇಕಾದರೆ ವಸ್ತುವಿನ ಎಲ್ಲ ಅಥವಾ ಬಹುತೇಕ ಎಲ್ಲ ಭಾಗವೂ ಅಮೆರಿಕದ್ದೇ ಆಗಿರಬೇಕು. ಈ ನಿಯಮಕ್ಕೆ 2021ರಲ್ಲಿ ಇನ್ನಷ್ಟು ಬಿಗಿ ಬಂದಿದೆ. ಜಪಾನಿನಿಂದಲೋ ಇಟಲಿಯಿಂದಲೋ ಬಟ್ಟೆ ತರಿಸಿ ಅಮೆರಿಕದಲ್ಲಿ ಹೊಲಿದಿದ್ದರೆ 'ಆಮದು ಬಟ್ಟೆಯಿಂದ ಅಮೆರಿಕದಲ್ಲಿ ತಯಾರಾದದ್ದು' ಎಂಬ ಅರ್ಥದ ಮಾತು ಲೇಬಲ್ಲಿನಲ್ಲಿ ಇರುತ್ತದೆ. ಇದು ಕೀಳು ಎಂದೇನೂ ತಿಳಿಯಬೇಕಾಗಿಲ್ಲ. ವೈಟ್ ಓಕ್ ಮುಚ್ಚಿದ ಮೇಲೆ ಅಮೆರಿಕದ ಒಳ್ಳೆಯ ಜೀನ್ಸ್ ತಯಾರಕರಲ್ಲಿ ಹಲವರು ಜಪಾನಿನ ಡೆನಿಮ್ಮನ್ನೇ ಬಳಸುತ್ತಾರೆ, ಅದನ್ನು ಮುಚ್ಚಿಡದೆ ಬರೆಯುತ್ತಾರೆ. ಹೀಗೆ ಬರೆಯುವವರ ಮೇಲೆ ನನಗೆ ಹೆಚ್ಚು ವಿಶ್ವಾಸ. ನ್ಯೂ ಬ್ಯಾಲೆನ್ಸ್ ಕಂಪನಿ ಅಮೆರಿಕದಲ್ಲಿ ತಯಾರಾದ ಶೂಗಳೆಂದು ಮಾರುವ ಸಾಲಿನಲ್ಲಿ ದೇಶೀಯ ಮೌಲ್ಯ ಶೇ. 70 ಅಥವಾ ಅದಕ್ಕಿಂತ ಹೆಚ್ಚು ಎಂದು ತಾನೇ ಹೇಳಿಕೊಳ್ಳುತ್ತದೆ.

'ಅಮೆರಿಕದಲ್ಲಿ ವಿನ್ಯಾಸಗೊಳಿಸಿದ್ದು', 'ಅಮೆರಿಕನ್ ಹೆರಿಟೇಜ್', ಕತ್ತಿನ ಹಿಂದೆ ಒಂದು ಬಾವುಟದ ಚಿತ್ರ: ಇವು ಯಾವುವೂ ತಯಾರಿಕೆಯ ಸ್ಥಳವನ್ನು ಹೇಳುವುದಿಲ್ಲ. ಇವು ದೊಡ್ಡ ಅಕ್ಷರದಲ್ಲಿದ್ದು ದೇಶದ ಹೆಸರು ಪಕ್ಕೆಯ ಹೊಲಿಗೆಯ ಒಳಗೆ ಪುಟ್ಟದಾಗಿ ಅಡಗಿದ್ದರೆ ಆ ಪುಟ್ಟ ಅಕ್ಷರವನ್ನೇ ನಂಬಿ.

ಲೇಬಲ್ಲಿನಲ್ಲಿ ಆರ್‌ಎನ್ ಎಂಬ ಎರಡು ಅಕ್ಷರಗಳ ಮುಂದೆ ಒಂದು ಸಂಖ್ಯೆ ಕಂಡರೆ, ಅದು ಫೆಡರಲ್ ಟ್ರೇಡ್ ಕಮಿಷನ್ ಒಂದು ವ್ಯಾಪಾರ ಸಂಸ್ಥೆಗೆ ಕೊಟ್ಟ ನೋಂದಣಿ ಸಂಖ್ಯೆ. ಆಯೋಗದ ಜಾಲತಾಣದಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಹಿಂದಿರುವ ಕಂಪನಿ ಯಾವುದೆಂದು ಉಚಿತವಾಗಿ ತಿಳಿಯುತ್ತದೆ. ಬೇರೆ ಬೇರೆ ಹೆಸರಿನ ಎರಡು ಅಂಗಿಗಳು ಒಂದೇ ಸಂಸ್ಥೆಯವು ಎಂದು ಗೊತ್ತಾಗುವುದು ಹೀಗೆ.

ಮೂರನೆಯ ಹೆಜ್ಜೆ: ನಿಮ್ಮ ಊರಿನ ಹವೆಗೆ ಹೊಂದುವುದನ್ನೇ ಆರಿಸಿ

ಫಿಲ್ಸನ್‌ನ ಮ್ಯಾಕಿನಾ ಎಂಬ ದಪ್ಪ ಉಣ್ಣೆಯ ಕೋಟು ಅದ್ಭುತವಾದ ಉಡುಪು, ಆದರೆ ಬೆಂಗಳೂರಿನ ಡಿಸೆಂಬರಿಗೂ ಅದು ಬೇಡ. ಮಿನ್ನೆಸೋಟದಲ್ಲಿ ಇರುವವರು ಅದನ್ನು ಮೊದಲು ಕೊಳ್ಳಲಿ. ಕರ್ನಾಟಕದಲ್ಲಿ ಧರಿಸಲು ಎಂದಾದರೆ ಆಕ್ಸ್‌ಫರ್ಡ್ ಬಟ್ಟೆಯ ಅಂಗಿ, ಡೆನಿಮ್‌ನಂತೆ ಕಾಣುವ ತೆಳು ಷ್ಯಾಂಬ್ರೇ ಬಟ್ಟೆಯ ಅಂಗಿ, ಹತ್ತಿಯ ಚಿನೋ ಪ್ಯಾಂಟು, ಸೀರ್‌ಸಕ್ಕರ್ ಜಾಕೆಟ್ಟು, ಲೇಸಿಲ್ಲದ ಲೋಫರ್ ಶೂ ಇಷ್ಟರಲ್ಲೇ ಆರಿಸುವುದು ಜಾಣತನ. ಸೀರ್‌ಸಕ್ಕರ್ ಬಟ್ಟೆಯ ಸುಕ್ಕುಗಳು ಮೈಗೆ ಅಂಟದೆ ನಡುವೆ ಗಾಳಿಯಾಡಲು ಬಿಡುತ್ತವೆ; ನ್ಯೂ ಆರ್ಲಿಯನ್ಸ್‌ನ ಹ್ಯಾಸ್ಪಲ್ ಕಂಪನಿ ಇದರಿಂದ ಗಂಡಸರ ಸೂಟು ಹೊಲಿದು ಹೆಸರಾದದ್ದು ಅಲ್ಲಿನ ಬೇಗೆಯ ಕಾರಣಕ್ಕೆ, ಮಂಗಳೂರಿನ ಬೇಗೆಗೂ ಅದು ಅಷ್ಟೇ ಸಲ್ಲುತ್ತದೆ. ಚಿನೋ ಪ್ಯಾಂಟು ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರು ಸರ್ಕಾರದ ನೆರವಿನಿಂದ ಕಾಲೇಜು ಸೇರಿದಾಗ ತಮ್ಮ ಸಮವಸ್ತ್ರದ ಪ್ಯಾಂಟನ್ನೇ ತರಗತಿಗೂ ಧರಿಸಿದ್ದರಿಂದ ಹರಡಿದ್ದು.

ಅಮೆರಿಕದ ಬೇಸಗೆಯ ಉಡುಪಿನಲ್ಲಿ ನಮ್ಮ ನೆರೆಯಿಂದ ಹೋದದ್ದೂ ಒಂದಿದೆ. ಮದ್ರಾಸ್ ಚೌಕಳಿ ಬಟ್ಟೆಯನ್ನು 1950ರ ದಶಕದ ಕೊನೆಯಲ್ಲಿ ಅಲ್ಲಿನ ಕಾಲೇಜು ಹುಡುಗರು ಮೆಚ್ಚಿ ಧರಿಸತೊಡಗಿದರು. ಕೈಮಗ್ಗದ ಆ ಬಟ್ಟೆಯ ಬಣ್ಣ ಒಗೆದಾಗಲೆಲ್ಲ ಬಿಟ್ಟು ಒಂದರೊಳಗೊಂದು ಬೆರೆಯುತ್ತಿತ್ತು. ಮೊದಲು ದೂರುಗಳು ಬಂದವಾದರೂ ವ್ಯಾಪಾರಿಗಳು ಬಣ್ಣ ಬಿಡುವುದನ್ನೇ ಅದರ ಗುಣವೆಂದು ಸಾರಿ ಮಾರಿದರು. ಇಂಥ ಬಟ್ಟೆ ಬೇಕಾದವರು ಅಮೆರಿಕದಿಂದ ತರಿಸುವ ಮೊದಲು ಚೆನ್ನೈಯಲ್ಲಿ ವಿಚಾರಿಸುವುದು ಒಳ್ಳೆಯದು.

ಚರ್ಮದ ವಿಷಯದಲ್ಲಿ ಒಂದು ಮಾತು ಮೊದಲೇ ಹೇಳಬೇಕು. ಇಲ್ಲಿ ಹೆಸರಿಸಿದ ಬೂಟುಗಳು ದನದ ಚರ್ಮದವು. ಷಿಕಾಗೋದ ಹಾರ್‌ವೀನ್ ಕಾರ್ಖಾನೆ ಆರು ತಿಂಗಳು ಹದ ಮಾಡುವ ಷೆಲ್ ಕಾರ್ಡೋವನ್ ಕುದುರೆಯ ಹಿಂಭಾಗದ ಚರ್ಮ. ಇವನ್ನು ಧರಿಸಲು ಮನಸ್ಸು ಒಪ್ಪದವರು ಕ್ಯಾನ್ವಾಸ್, ಡೆನಿಮ್, ಹತ್ತಿಗಳಲ್ಲೇ ನಿಲ್ಲಬಹುದು. ಈ ಪರಂಪರೆಯ ದೊಡ್ಡ ಭಾಗ ಬಟ್ಟೆಯದೇ.

ನಾಲ್ಕನೆಯ ಹೆಜ್ಜೆ: ತಿರುಗಿಸಿ ಒಳಗನ್ನು ಪರೀಕ್ಷಿಸಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ನಿಧಾನವಾಗಿ ಮಾಡಬೇಕಾದದ್ದು. ಅಂಗಿಯಿಂದ ಆರಂಭಿಸೋಣ. ಆಕ್ಸ್‌ಫರ್ಡ್ ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಹಾಸಿನ ನೂಲುಗಳು ಜೋಡಿ ಜೋಡಿಯಾಗಿ ದಪ್ಪ ಹೊಕ್ಕಿನ ನೂಲಿನ ಮೇಲೆ ಹಾದುಹೋಗಿರುವುದು ಕಾಣುತ್ತದೆ. ತಿಳಿನೀಲಿ ಅಂಗಿಯಲ್ಲಿ ಹಾಸು ನೀಲಿ, ಹೊಕ್ಕು ಬಿಳಿ. ಆದ್ದರಿಂದಲೇ ದೂರದಿಂದ ಒಂದೇ ಬಣ್ಣವಾಗಿ ಕಂಡರೂ ಹತ್ತಿರದಿಂದ ಸಣ್ಣ ಚುಕ್ಕೆಗಳ ಹಾಗೆ ತೋರುತ್ತದೆ. ಈ ನೇಯ್ಗೆ ಒರಟಾಗಿ ಆರಂಭವಾಗಿ ಒಗೆದಂತೆಲ್ಲ ಮೆತ್ತಗಾಗುತ್ತದೆ. ಮುಂದೆ ಕಾಲರನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿ. ಹಳೆಯ ಕ್ರಮದ ಕಾಲರಿನೊಳಗೆ ಅಂಟು ಹಾಕಿ ಒತ್ತಿದ ಗಟ್ಟಿ ಪದರ ಇರುವುದಿಲ್ಲ. ಬಟ್ಟೆಯ ಎರಡು ಪದರಗಳು ಒಂದರ ಮೇಲೊಂದು ಜಾರುತ್ತವೆ. ಹೀಗೆ ಮೆತ್ತಗಿರುವ, ತುದಿಗಳು ಸಾಕಷ್ಟು ಉದ್ದವಿರುವ ಕಾಲರಿಗೆ ಗುಂಡಿ ಹಾಕಿದಾಗ ಅದು ಕತ್ತಿನಿಂದ ಗುಂಡಿಯವರೆಗೆ ಮೃದುವಾಗಿ ಉಬ್ಬಿ ಬಾಗುತ್ತದೆ. ಆ ಬಾಗು ಈ ಅಂಗಿಯ ಜೀವ. ತುದಿ ಗಿಡ್ಡವಾಗಿ, ಒಳಪದರ ಗಟ್ಟಿಯಾಗಿ, ಕಾಲರು ಹಲಗೆಯಂತೆ ಚಪ್ಪಟೆಯಾಗಿ ಕೂತಿದ್ದರೆ ಲೇಬಲ್ಲಿನಲ್ಲಿ ಯಾವ ಹೆಸರಿದ್ದರೂ ಅದನ್ನು ಬಿಡಿ.

ಪಕ್ಕೆಯ ಹೊಲಿಗೆಯನ್ನು ಒಳಗಿನಿಂದ ನೋಡಿ: ಬಟ್ಟೆಯ ಕತ್ತರಿಸಿದ ಅಂಚು ಹೊರಗೆ ಕಾಣದಂತೆ ಮಡಿಸಿ ಹೊಲಿದಿದ್ದರೆ ಒಳ್ಳೆಯದು, ಓವರ್‌ಲಾಕ್ ಮಾಡಿ ಬಿಟ್ಟಿದ್ದರೆ ಕೆಲಸ ಬೇಗ ಮುಗಿಸಿದ ಲಕ್ಷಣ. ಒಂದು ಅಂಗುಲದೊಳಗೆ ಎಷ್ಟು ಹೊಲಿಗೆ ಬಿದ್ದಿದೆ ಎಂದು ನಿಮ್ಮಲ್ಲಿರುವ ಸಾಧಾರಣ ಅಂಗಿಯ ಪಕ್ಕ ಇಟ್ಟು ಹೋಲಿಸಿ. ಚೌಕಳಿ ಅಂಗಿಯಾದರೆ ಜೇಬಿನ ಗೆರೆಗಳು ಎದೆಯ ಗೆರೆಗಳಿಗೆ ಸರಿಯಾಗಿ ಕೂಡಿರಬೇಕು. ಗೆರೆ ಕೂಡಿಸಿ ಕತ್ತರಿಸಿದರೆ ಬಟ್ಟೆ ಹೆಚ್ಚು ವ್ಯಯವಾಗುತ್ತದೆ, ಹಾಗಾಗಿ ಉಳಿತಾಯ ಮಾಡುವವರು ಮೊದಲು ಬಿಡುವುದು ಇದನ್ನೇ. ಕಾಜಾಗಳ ಒಳಗೆ ನೂಲು ಜೋಲುತ್ತಿದ್ದರೆ ಉಳಿದ ಹೊಲಿಗೆಯ ಮೇಲೂ ಅನುಮಾನಪಡಿ.

ಜೀನ್ಸಿನಲ್ಲಿ ಮೊದಲು ಕಾಲಿನ ತುದಿಯನ್ನು ಮೇಲಕ್ಕೆ ಮಡಚಿ ಹೊರಮಗ್ಗುಲ ಹೊಲಿಗೆಯನ್ನು ನೋಡಿ. ಅಲ್ಲಿ ಬಿಳಿಯ, ಹಲವು ಬಾರಿ ಕೆಂಪು ಎಳೆಯಿರುವ, ಬಿಚ್ಚಿಕೊಳ್ಳದ ಅಂಚು ಕಂಡರೆ ಅದು ಸೆಲ್ವೆಜ್ ಡೆನಿಮ್. ಕೈಮಗ್ಗದ ಸೀರೆ ನೋಡಿ ಬೆಳೆದ ನಮಗೆ ಇದನ್ನು ವಿವರಿಸುವ ಕಷ್ಟವಿಲ್ಲ: ಲಾಳಿ ಎಡಕ್ಕೂ ಬಲಕ್ಕೂ ಓಡಿ ಹೊಕ್ಕಿನ ನೂಲನ್ನು ತುಂಡರಿಸದೆ ತಿರುಗಿಸಿಕೊಂಡು ಬರುವುದರಿಂದ ಅಂಚು ತಾನೇ ಮುಚ್ಚಿಕೊಳ್ಳುತ್ತದೆ. ವೈಟ್ ಓಕ್‌ನಲ್ಲಿ ಇದ್ದ ಡ್ರೇಪರ್ ಮಗ್ಗಗಳು ಇಂಥವು. ಅವುಗಳಲ್ಲಿ ಬಟ್ಟೆಯ ಅಗಲ ಸುಮಾರು 30 ಅಂಗುಲ ಮಾತ್ರ, ವೇಗವೂ ಕಡಿಮೆ. ಆದ್ದರಿಂದ ಬೆಲೆ ಏರುತ್ತದೆ. ಅಂಚು ಇದ್ದ ಮಾತ್ರಕ್ಕೆ ಬಟ್ಟೆ ಗಟ್ಟಿ ಎಂದು ಭಾವಿಸಬಾರದು ಎಂಬುದನ್ನೂ ಹೇಳಬೇಕು, ಏಕೆಂದರೆ ಕಳಪೆ ನೂಲನ್ನು ಲಾಳಿ ಮಗ್ಗದಲ್ಲೂ ನೇಯಬಹುದು. ಅಂಚಿಗಿಂತ ಬಣ್ಣ ಮುಖ್ಯ. ಒಳ್ಳೆಯ ಡೆನಿಮ್ಮಿನಲ್ಲಿ ಹಾಸಿನ ನೂಲುಗಳನ್ನು ಹಗ್ಗದಂತೆ ಕೂಡಿಸಿ ಇಂಡಿಗೋ ತೊಟ್ಟಿಯಲ್ಲಿ ಅದ್ದಿ, ಗಾಳಿಗೆ ಎತ್ತಿ, ಮತ್ತೆ ಅದ್ದುತ್ತಾರೆ. ಬಣ್ಣ ನೂಲಿನ ಹೊರಮೈಗೆ ಮಾತ್ರ ಹತ್ತಿ ನಡುವಿನ ತಿರುಳು ಬಿಳಿಯಾಗಿಯೇ ಉಳಿಯುತ್ತದೆ. ಮೊಣಕಾಲು, ಜೇಬು, ತೊಡೆಯ ಮಡಿಕೆಗಳಲ್ಲಿ ಹೊರಮೈ ಸವೆದಾಗ ಆ ಬಿಳಿ ಹೊರಬರುತ್ತದೆ. ಧರಿಸುವವನ ನಡೆ, ಕೂರುವ ರೀತಿ, ಜೇಬಿನಲ್ಲಿಡುವ ವಸ್ತು ಎಲ್ಲವೂ ಬಟ್ಟೆಯ ಮೇಲೆ ಗುರುತಾಗುವುದು ಹೀಗೆ, ಮತ್ತು ಕಾರ್ಖಾನೆಯಲ್ಲೇ ಉಜ್ಜಿ ಬಿಳಿಮಾಡಿದ ಜೀನ್ಸಿನಲ್ಲಿ ಈ ಸುಖ ಸಿಗುವುದಿಲ್ಲ.

ಹೊಲಿಗೆಯಲ್ಲಿ ಎರಡು ಕಡೆ ಕಣ್ಣಿಡಿ: ಕಾಲಿನ ತುದಿಯ ಒಳಭಾಗದಲ್ಲಿ ಸರಪಳಿಯಂಥ ಹೊಲಿಗೆ ಇದೆಯೇ, ಮತ್ತು ಜೇಬಿನ ಒಳಚೀಲದ ಬಟ್ಟೆ ದಪ್ಪವಾಗಿದೆಯೇ. ಸರಪಳಿ ಹೊಲಿಗೆಯ ತುದಿ ಒಗೆದ ಮೇಲೆ ಹುರಿಯಂತೆ ಓರೆಯಾಗಿ ಸುತ್ತಿಕೊಳ್ಳುತ್ತದೆ; ಇಲಿನಾಯ್‌ನ ಯೂನಿಯನ್ ಸ್ಪೆಷಲ್ ಕಂಪನಿಯ ಹಳೆಯ ಯಂತ್ರಗಳನ್ನು ಇದಕ್ಕಾಗಿಯೇ ಈಗಲೂ ಹುಡುಕಿ ಕೊಳ್ಳುತ್ತಾರೆ. ಜೇಬಿನ ಚೀಲ ಮೊದಲು ಹರಿಯುವ ಜಾಗವಾದ್ದರಿಂದ ಅಲ್ಲಿ ತೆಳು ಬಟ್ಟೆ ಹಾಕಿದ ತಯಾರಕ ಬೇರೆಡೆಯೂ ಕೈ ಬಿಗಿಹಿಡಿದಿರುತ್ತಾನೆ.

ಬೂಟುಗಳಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಅಟ್ಟೆ ಸವೆದರೆ ಬದಲಿಸಬಹುದೇ? ಗುಡ್‌ಇಯರ್ ವೆಲ್ಟ್ ಎಂಬ ವಿಧಾನದಲ್ಲಿ ಮೇಲ್ಭಾಗದ ಚರ್ಮವನ್ನೂ ಒಳಅಟ್ಟೆಯನ್ನೂ ಒಂದು ಕಿರಿದಾದ ಚರ್ಮದ ಪಟ್ಟಿಗೆ ಹೊಲಿಯುತ್ತಾರೆ. ಆಮೇಲೆ ಹೊರಅಟ್ಟೆಯನ್ನು ಆ ಪಟ್ಟಿಗೆ ಮಾತ್ರ ಬೇರೆ ಹೊಲಿಗೆಯಿಂದ ಜೋಡಿಸುತ್ತಾರೆ. ಎರಡು ಅಟ್ಟೆಗಳ ನಡುವೆ ತುಂಬಿದ ಕಾರ್ಕ್ ಕೆಲವು ವಾರಗಳಲ್ಲಿ ನಿಮ್ಮ ಪಾದದ ಆಕಾರಕ್ಕೆ ಕುಸಿದು ಒಗ್ಗುತ್ತದೆ. ಅಟ್ಟೆ ಸವೆದಾಗ ಹೊರಗಿನ ಹೊಲಿಗೆಯನ್ನಷ್ಟೇ ಕತ್ತರಿಸಿ ಹೊಸ ಅಟ್ಟೆ ಕೂರಿಸಬಹುದು, ಮೇಲ್ಭಾಗಕ್ಕೆ ಧಕ್ಕೆ ಬರುವುದಿಲ್ಲ. ಪಟ್ಟಿಯ ಮೇಲೆ ಸುತ್ತಲೂ ಹೊಲಿಗೆ ಕಂಡರೂ ಅದು ನಿಜವೇ ಎಂದು ನೋಡಿ: ಅಗ್ಗದ ಶೂಗಳಲ್ಲಿ ಪಟ್ಟಿಯನ್ನೂ ಹೊಲಿಗೆಯನ್ನೂ ಅಚ್ಚಿನಲ್ಲೇ ಮೂಡಿಸಿ ಅಟ್ಟೆಯನ್ನು ಅಂಟಿನಿಂದ ಹಿಡಿಸಿರುತ್ತಾರೆ. ಮೇಲಿನ ಹೊಲಿಗೆಯ ಜೋಡಿ ತಳದಲ್ಲೂ, ಇಲ್ಲವೇ ತಳದಲ್ಲಿ ಕೊರೆದ ತೋಡಿನಲ್ಲೂ ಕಾಣಬೇಕು. ಚರ್ಮವನ್ನು ಬೆರಳಿನಿಂದ ಒತ್ತಿದಾಗ ಸಣ್ಣ ನೆರಿಗೆಗಳು ಮೂಡಿ ಬಿಟ್ಟೊಡನೆ ಮಾಯವಾಗಬೇಕು. ಮೇಲೆ ಬಣ್ಣದ ದಪ್ಪ ಪೊರೆ ಹಾಕಿದ ಚರ್ಮದಲ್ಲಿ ಒಡಕಿನಂಥ ಗೆರೆಗಳು ಬರುತ್ತವೆ. ರೆಡ್ ವಿಂಗ್‌ನ ಇಂಥ ಬೂಟುಗಳ ಬೆಲೆ 300 ಡಾಲರ್ ದಾಟುತ್ತದೆ, ಆಲ್ಡನ್ ಶೂಗಳದು ಅದಕ್ಕೂ ಬಹಳ ಹೆಚ್ಚು. ಎರಡು ಮೂರು ಬಾರಿ ಅಟ್ಟೆ ಬದಲಿಸಿ ಹತ್ತಾರು ವರ್ಷ ಧರಿಸುವ ಮನಸ್ಸಿದ್ದವರಿಗೆ ಆ ಬೆಲೆ ಒಪ್ಪುತ್ತದೆ, ವರ್ಷಕ್ಕೊಮ್ಮೆ ಶೂ ಬದಲಿಸುವ ಆಸೆ ಇರುವವರಿಗೆ ಖಂಡಿತ ಒಪ್ಪುವುದಿಲ್ಲ.

ಐದನೆಯ ಹೆಜ್ಜೆ: ಅಳತೆ

ಅಮೆರಿಕದ ಹಳೆಯ ಕ್ರಮದ ಅಂಗಿಗೆ ಎರಡು ಅಂಕಿಗಳಿರುತ್ತವೆ, ಉದಾಹರಣೆಗೆ 15½ ಮತ್ತು 33. ಮೊದಲನೆಯದು ಕತ್ತಿನ ಸುತ್ತಳತೆ; ಎರಡನೆಯದು ತೋಳು, ಆದರೆ ಅದನ್ನು ಅಳೆಯುವುದು ಭುಜದಿಂದಲ್ಲ, ಬೆನ್ನ ಮೇಲೆ ಕತ್ತಿನ ಬುಡದ ನಡುವಿನಿಂದ ಭುಜದ ಮೇಲೆ ಹಾದು ಮಣಿಕಟ್ಟಿನವರೆಗೆ. ನಮ್ಮ ದರ್ಜಿಗಳು ಕೊಡುವ ತೋಳಿನ ಅಳತೆಯನ್ನು ಹಾಗೇ ಹೇಳಿ ತರಿಸಿಕೊಂಡರೆ ಅಂಗಿ ಬರುವುದು ಮಗುವಿಗೆ. ಕೋಟಿನ ಅಂಕಿ ಎದೆಯ ಸುತ್ತಳತೆಯಾದರೆ ಅದರ ಮುಂದಿನ ಅಕ್ಷರ ಗಿಡ್ಡ, ಸಾಧಾರಣ, ಉದ್ದ ಎಂಬುದನ್ನು ಸೂಚಿಸುತ್ತದೆ. ಐದೂವರೆ ಅಡಿಯ ಆಸುಪಾಸಿನವರು ಗಿಡ್ಡದ ಅಳತೆಯನ್ನೇ ಕೇಳಬೇಕು. ಎಲ್ಲಕ್ಕಿಂತ ಸುಲಭದ ಉಪಾಯವೆಂದರೆ, ಚೆನ್ನಾಗಿ ಒಪ್ಪುವ ನಿಮ್ಮದೇ ಅಂಗಿಯನ್ನು ಮಂಚದ ಮೇಲೆ ಹರಡಿ ಕಂಕುಳಿಂದ ಕಂಕುಳಿಗೆ, ಭುಜದಿಂದ ಭುಜಕ್ಕೆ ಅಳೆದು, ಮಾರುವವರು ಕೊಟ್ಟ ಅಳತೆಯೊಂದಿಗೆ ಹೋಲಿಸುವುದು.

ನೀರು ಕಾಣದ ಕಚ್ಚಾ ಡೆನಿಮ್ ಕೊಳ್ಳುವವರು ಅದು ಸ್ಯಾನ್‌ಫರೈಸ್ ಆದದ್ದೇ ಎಂದು ಕೇಳಿ. 1930ರ ಸುಮಾರಿಗೆ ಸ್ಯಾನ್‌ಫರ್ಡ್ ಕ್ಲೂಯೆಟ್ ರೂಪಿಸಿದ ಈ ಸಂಸ್ಕರಣೆಯಲ್ಲಿ ಬಟ್ಟೆಯನ್ನು ಗಿರಣಿಯಲ್ಲೇ ಕುಗ್ಗಿಸುತ್ತಾರೆ. ಆಗಿರದಿದ್ದರೆ ಮೊದಲ ನೆನೆಯಲ್ಲಿ ಶೇ. 10ರಷ್ಟು ಕುಗ್ಗಬಹುದು, ಉದ್ದದಲ್ಲಿ ಎರಡು ಮೂರು ಅಂಗುಲ ಹೋಗುತ್ತದೆ.

ಬೂಟಿನಲ್ಲಿ ಉದ್ದದಷ್ಟೇ ಅಗಲವೂ ಮುಖ್ಯ. ಗಂಡಸರ ಸಾಧಾರಣ ಅಗಲ ಡಿ. ಅದಕ್ಕಿಂತ ಅಗಲವಾದವು ಇ, ಇಇ. ಚಪ್ಪಲಿಯಲ್ಲಿ ಬೆಳೆದ ಪಾದಗಳು ಮುಂಭಾಗದಲ್ಲಿ ಹರಡಿಕೊಂಡಿರುವುದರಿಂದ ನಮ್ಮಲ್ಲಿ ಅನೇಕರಿಗೆ ಡಿ ಬಿಗಿಯಾಗುತ್ತದೆ; ಉದ್ದ ಹೆಚ್ಚಿಸಿ ಬಿಗಿ ತಪ್ಪಿಸಿಕೊಳ್ಳುವ ಬದಲು ಅಗಲ ಹೆಚ್ಚಿಸಿ. ಅಂಗಡಿಯಲ್ಲಿ ಬ್ರ್ಯಾನಕ್ ಎಂಬ ಲೋಹದ ಅಳತೆ ಸಾಧನದ ಮೇಲೆ ಎರಡೂ ಪಾದಗಳನ್ನು ನಿಂತುಕೊಂಡು ಅಳೆಸಿ. ರೆಡ್ ವಿಂಗ್‌ನ ಐರನ್ ರೇಂಜರ್ ಎಂಬ ಬೂಟು, ಆಲ್ಡನ್ ಬ್ಯಾರಿ ಎಂಬ ಅಚ್ಚಿನ ಮೇಲೆ ಮಾಡುವ ಶೂಗಳು ಆ ಅಳತೆಗಿಂತ ಅರ್ಧ ಅಂಕಿ ಕಡಿಮೆಯೇ ಹೆಚ್ಚಿನವರಿಗೆ ಹೊಂದುತ್ತವೆ.

ಆರನೆಯ ಹೆಜ್ಜೆ: ಬಳಸಿದ್ದನ್ನು ಕೊಳ್ಳಲು ಹಿಂಜರಿಯಬೇಡಿ

ಇನ್ನೊಬ್ಬರು ತೊಟ್ಟ ಬಟ್ಟೆ ನಮ್ಮ ಮನೆಗಳಲ್ಲಿ ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ ಎಂಬುದನ್ನು ಬಲ್ಲೆ. ಆದರೂ ಮುಚ್ಚಿಹೋದ ಕಾರ್ಖಾನೆಗಳ ಒಳ್ಳೆಯ ಕೆಲಸ ಇಂದು ಸಿಗುವುದು ಅಮೆರಿಕದ ಥ್ರಿಫ್ಟ್ ಅಂಗಡಿಗಳಲ್ಲಿ ಮಾತ್ರ, ಅದೂ ಹೊಸದರ ಬೆಲೆಯ ಒಂದಂಶಕ್ಕೆ. ಅಲ್ಲಿ ಕಾಲ ಗುರುತಿಸಲು ಕೆಲವು ಸುಳಿವುಗಳಿವೆ. ಕೋಟಿನ ಒಳಜೇಬಿನಲ್ಲಿ ಅಮಾಲ್ಗಮೇಟೆಡ್ ಕ್ಲೋದಿಂಗ್ ವರ್ಕರ್ಸ್ ಆಫ್ ಅಮೆರಿಕ ಎಂಬ ಕಾರ್ಮಿಕ ಸಂಘದ ಚೀಟಿ ಇದ್ದರೆ ಅದು 1976ಕ್ಕಿಂತ ಹಿಂದಿನದು ಎನ್ನಬಹುದು, ಏಕೆಂದರೆ ಆ ವರ್ಷ ಸಂಘ ಇನ್ನೊಂದರೊಡನೆ ಸೇರಿ ಹೆಸರು ಬದಲಾಯಿತು. ಒಗೆಯುವ ವಿಧಾನ ತಿಳಿಸುವ ಲೇಬಲ್ ಕಡ್ಡಾಯವಾದದ್ದು 1972ರಲ್ಲಿ. ಅಮೆರಿಕದಲ್ಲೇ ತಯಾರಾದ ಬಟ್ಟೆಗೂ ದೇಶದ ಹೆಸರು ಬರೆಯಬೇಕೆಂಬ ಕಾನೂನು ಬಂದದ್ದು 1984ರಲ್ಲಿ. ಹಾಗಾಗಿ ತುಂಬ ಹಳೆಯ ಅಂಗಿಯಲ್ಲಿ ದೇಶದ ಹೆಸರಿಲ್ಲ ಎಂಬ ಕಾರಣಕ್ಕೆ ಅದನ್ನು ಬದಿಗಿಡಬೇಡಿ. ಲೀವೈಸ್ ಜೀನ್ಸಿನ ಕೆಂಪು ಪಟ್ಟಿಯಲ್ಲಿ ಕಂಪನಿಯ ಹೆಸರಿನ ಇ ಅಕ್ಷರ 1971ರವರೆಗೆ ದೊಡ್ಡದಾಗಿತ್ತು; ಆದರೆ ಹಳೆಯ ಮಾದರಿಯನ್ನು ಅನುಕರಿಸಿ ಕಂಪನಿಯೇ ಈಗ ಮಾರುವ ಜೀನ್ಸಿನಲ್ಲೂ ದೊಡ್ಡ ಅಕ್ಷರ ಇರುವುದರಿಂದ ಆ ಒಂದು ಗುರುತಿನ ಮೇಲೆ ದೊಡ್ಡ ಮೊತ್ತ ಕೊಡಬಾರದು.

ಕೊಳ್ಳುವ ಮುನ್ನ ಕಂಕುಳಿನ ಬಟ್ಟೆ ಕಲೆಯಾಗಿ ಪಿಸಿದಿದೆಯೇ, ಉಣ್ಣೆಯಲ್ಲಿ ನುಸಿ ಕಡಿದ ತೂತುಗಳಿವೆಯೇ, ಬೂಟಿನ ಚರ್ಮ ಬೆರಳು ಮಡಚುವ ಜಾಗದಲ್ಲಿ ಬಿರಿದಿದೆಯೇ ಎಂದು ನೋಡಿ. ಗುಂಡಿ, ಅಟ್ಟೆ, ಜಿಪ್ ಬದಲಿಸಬಹುದು. ಬಿರಿದ ಚರ್ಮಕ್ಕೂ ಪಿಸಿದ ಬಟ್ಟೆಗೂ ಮದ್ದಿಲ್ಲ.

ಏಳನೆಯ ಹೆಜ್ಜೆ: ಕಾಪಾಡುವುದು, ರಿಪೇರಿ ಮಾಡಿಸುವುದು

ಲಿಯಾನ್ ಬೀನ್ ಮೊದಲು ಮಾರಿದ 100 ಜೊತೆ ಬೂಟುಗಳಲ್ಲಿ 90 ಹೊಲಿಗೆ ಬಿಟ್ಟು ವಾಪಸು ಬಂದವು. ಅವನು ಎಲ್ಲರಿಗೂ ಹಣ ಮರಳಿಸಿ, ಸಾಲ ತಂದು, ಬೂಟನ್ನು ಸುಧಾರಿಸಿ ಮತ್ತೆ ಮಾರಿದ. ಆ ಹೊಣೆಗಾರಿಕೆಯ ಪರಂಪರೆ ಇಂದು ಬದಲಾಗಿದೆ: ಕಾಲಮಿತಿಯೇ ಇಲ್ಲದೆ ವಾಪಸು ಪಡೆಯುತ್ತಿದ್ದ ಆ ಕಂಪನಿ 2018ರಿಂದ ಒಂದು ವರ್ಷದ ಮಿತಿ ಹಾಕಿದೆ. ಆದ್ದರಿಂದ ಕೊಳ್ಳುವಾಗಲೇ ಯಾವುದು ಎಷ್ಟು ಕಾಲ ರಿಪೇರಿಗೆ ಸಲ್ಲುತ್ತದೆ ಎಂದು ಓದಿಕೊಳ್ಳಿ. ಆಲನ್ ಎಡ್ಮಂಡ್ಸ್, ರೆಡ್ ವಿಂಗ್ ಮೊದಲಾದ ಶೂ ಕಂಪನಿಗಳು ಹಳೆಯ ಶೂಗಳನ್ನು ಪಡೆದು ಹೊಸ ಅಟ್ಟೆ ಹಾಕಿ ಕಳಿಸುತ್ತವೆ. ಭಾರತದಲ್ಲಿ ಇರುವವರು ಊರಿನ ಶೂ ರಿಪೇರಿಯವರಿಂದಲೇ ಇದನ್ನು ಮಾಡಿಸಬಹುದು, ಆದರೆ ಅಟ್ಟೆಯನ್ನು ಅಂಟಿಸಿ ಮೊಳೆ ಹೊಡೆಯುವುದು ಬೇಡ, ಹಳೆಯ ಪಟ್ಟಿಯ ತೂತುಗಳಲ್ಲೇ ಮೇಣ ಹಚ್ಚಿದ ದಾರದಿಂದ ಹೊಲಿಯಿರಿ ಎಂದು ಮೊದಲೇ ಸ್ಪಷ್ಟವಾಗಿ ಹೇಳಬೇಕು. ಪಟ್ಟಿಯವರೆಗೆ ಸವೆಯುವ ಮುನ್ನವೇ ಕೊಡಿ. ಪಟ್ಟಿ ಹಾಳಾದರೆ ಕೆಲಸವೂ ಖರ್ಚೂ ಹೆಚ್ಚುತ್ತವೆ.

ಆಕ್ಸ್‌ಫರ್ಡ್ ಅಂಗಿಗೆ ಗಂಜಿ ಹಾಕಬೇಡಿ. ಇಸ್ತ್ರಿ ಅಂಗಡಿಗೆ ಕೊಡುವಾಗ ಕಾಲರಿನ ಮಡಿಕೆಯ ಮೇಲೆ ಪೆಟ್ಟಿಗೆ ಒತ್ತದಂತೆ ಹೇಳಿ, ಕಾಲರನ್ನು ಬಿಡಿಸಿ ಚಪ್ಪಟೆಯಾಗಿ ಉಜ್ಜಿ, ಮಡಿಕೆಯನ್ನು ಕೈಯಲ್ಲೇ ಮಾಡಿದರೆ ಸಾಕು. ಕೆಲವು ವರ್ಷಗಳ ಮೇಲೆ ಕಾಲರಿನ ಮಡಿಕೆ ಕತ್ತಿಗೆ ತಾಗಿ ಸವೆದಾಗ ಅಂಗಿಯನ್ನು ಎಸೆಯದೆ ಹಳೆಯ ದರ್ಜಿಯೊಬ್ಬರ ಬಳಿ ಒಯ್ಯಿರಿ: ಕಾಲರನ್ನು ಬಿಚ್ಚಿ ಮಗುಚಿ ಮತ್ತೆ ಹೊಲಿದರೆ ಸವೆದ ಬದಿ ಒಳಗೆ ಹೋಗುತ್ತದೆ. ಒಳಪದರದ ಅಂಟಿಲ್ಲದ ಕಾಲರಿನಲ್ಲಿ ಇದು ಚೆನ್ನಾಗಿ ಆಗುತ್ತದೆ, ಕಾಜಾಗಳೂ ಅದೇ ಜಾಗದಲ್ಲಿ ಉಳಿಯುತ್ತವೆ.

ಡೆನಿಮ್ಮನ್ನು ತಿಂಗಳುಗಟ್ಟಲೆ ಒಗೆಯಬಾರದೆಂಬ ಸಲಹೆ ಆ ವಲಯದಲ್ಲಿ ಬಹಳ ಕೇಳಿಬರುತ್ತದೆ. ಬೆವರು ಹೆಚ್ಚಿರುವ ನಮ್ಮ ಹವೆಯಲ್ಲಿ ಅದನ್ನು ಪಾಲಿಸಬೇಡಿ, ಬೆವರಿನ ಉಪ್ಪು ನೂಲನ್ನೇ ತಿನ್ನುತ್ತದೆ. ಒಳಹೊರಗು ಮಾಡಿ, ತಣ್ಣೀರಿನಲ್ಲಿ, ಬ್ರಷ್ ಹಾಕದೆ ಒಗೆದು ನೆರಳಲ್ಲಿ ಒಣಗಿಸಿ. ಮೇಣ ಹಚ್ಚಿದ ಕ್ಯಾನ್ವಾಸ್ ಜಾಕೆಟ್ಟನ್ನು ಮಾತ್ರ ಯಂತ್ರಕ್ಕೂ ಸಾಬೂನಿಗೂ ದೂರವಿಡಿ. ಒದ್ದೆ ಬಟ್ಟೆಯಿಂದ ಒರೆಸಿ, ಮೇಣ ತೆಳುವಾದಾಗ ಹೊಸದನ್ನು ತಿಕ್ಕಿ. ಉಣ್ಣೆಯ ಅಂಗಿಗಳಿಗೆ, ರೇಷ್ಮೆ ಸೀರೆಗೆ ಬಳಸುವಂತೆ, ಅಂಟುವಾಳದ ನೀರು ಒಳ್ಳೆಯದು. ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ನೀರು ತೆಗೆದು, ನೇತುಹಾಕದೆ ಹರಡಿ ಒಣಗಿಸಬೇಕು.

ಮಲೆನಾಡು, ಕರಾವಳಿಯವರಿಗೆ ಚರ್ಮದ ದೊಡ್ಡ ಶತ್ರು ಬೂಷ್ಟು. ಮಳೆಗಾಲದಲ್ಲಿ ಬೂಟುಗಳನ್ನು ಪೆಟ್ಟಿಗೆಯಲ್ಲಿ ಮುಚ್ಚಿಡದೆ ಗಾಳಿಯಾಡುವ ಕಡೆ ಇಡಿ. ನೆನೆದರೆ ಒಳಗೆ ಕಾಗದ ತುರುಕಿ, ಒಲೆಗೂ ಬಿಸಿಲಿಗೂ ಹಿಡಿಯದೆ ಒಣಗಿಸಿ. ಸೀಡರ್ ಮರದ ಅಚ್ಚು ಸಿಕ್ಕರೆ ಒಳಗಿಡಿ. ಒಂದೇ ಜೊತೆಯನ್ನು ಎರಡು ದಿನ ಒಟ್ಟಿಗೆ ಹಾಕಬೇಡಿ. ಬೂಷ್ಟು ಕಂಡರೆ ಮನೆಯ ಹೊರಗೆ ಒಣ ಬ್ರಷ್‌ನಿಂದ ಉಜ್ಜಿ, ನೀರು ಬೆರೆಸಿದ ವಿನೆಗರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಕಂಡೀಷನರ್ ತೆಳುವಾಗಿ ಹಚ್ಚಿ. ಎಣ್ಣೆ ಹೆಚ್ಚಾದರೆ ಬೂಷ್ಟಿಗೆ ಅದೇ ಆಹಾರವಾಗುತ್ತದೆ. ಆದ್ದರಿಂದ ಮಳೆ ಆರಂಭವಾಗುವ ಮುನ್ನ ಒಮ್ಮೆ, ಮುಗಿದ ಮೇಲೆ ಒಮ್ಮೆ ಹಚ್ಚಿದರೆ ವರ್ಷಕ್ಕೆ ಸಾಕು.